ಜಗಲಿಯೂ ಬೆಳೆಯಿತು

ಒಬ್ಬ ಮನುಷ್ಯ ನಿನ್ನೆಗಿಂತ ಇವತ್ತು ಮುಂದುವರಿದಿದ್ದಾನೆಯೇ ಎಂದು ಹೇಳುವುದು ಬಲು ಕಷ್ಟದ ಕೆಲಸ. ರಜೆಗೆ ಹೋದಾಗಲೆಲ್ಲ ನಮ್ಮಜ್ಜಿ ನನ್ನ ಕೆನ್ನೆ ಸವರಿ, "ಇಳಿದುಹೋಗಿದೀಯಲ್ಲೋ ಮಗಾ" ಎನ್ನುತ್ತಿದ್ದರು. ಅವರ ಲೆಕ್ಕ ನಂಬಿದ್ದರೆ ನಾನು ಮೀಸೆ ಮೂಡುವ ಮೊದಲೇ ಗಾಳಿಯಲ್ಲಿ ಕರಗಿಹೋಗಬೇಕಿತ್ತು. ಅರಸೀಕೆರೆಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದಾಗ ಇಂಥದೇ ತೀರ್ಪಿನ ಕೆಲಸ ನನ್ನ ಕೊರಳಿಗೂ ಬಿತ್ತು. ಡ್ರಿಲ್ ಮೇಷ್ಟರು ರಜೆಯಲ್ಲಿದ್ದರು; ಉದ್ದಜಿಗಿತದ ಹುಡುಗನೊಬ್ಬ ಎಷ್ಟು ಮುಂದುವರಿದನೆಂದು ಅಳೆಯುವುದು ನನ್ನ ಪಾಲಿಗೆ ಬಂತು.

ಆ ಹುಡುಗ ಬೇರೆ ಯಾರೂ ಅಲ್ಲ, ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದ ನನ್ನ ಹೆಂಡತಿಯ ತಮ್ಮ, ಗೆಂಡೆಹಳ್ಳಿಯ ರುದ್ರೇಶ. "ತಿಂಗಳಲ್ಲಿ ನಿಜವಾಗಿ ಮುಂದುವರಿದ್ರೆ ಹಾಸನದ ಪಂದ್ಯಕ್ಕೆ ಕಳಿಸೋಣ. ಭಾಮೈದ ಅಂತ ನೋಡಬೇಡಿ ಮತ್ತೆ" ಎಂದರು ಹೆಡ್ಮಾಸ್ಟರು. ಶಾಲೆಯ ಟೇಪು ತುಂಡಾಗಿತ್ತು. ತೆಂಗಿನ ಊರಿನಲ್ಲಿ ಹಗ್ಗಕ್ಕೇನು ಬರ? ನಾರಿನ ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕಿ ಅಳೆಯತೊಡಗಿದೆ.

ತಿಂಗಳು ಕಳೆಯಿತು. ರುದ್ರೇಶ ನಾಲ್ಕು ಬೆರಳು ಮುಂದೆ! ಹೆಂಡತಿ ನಾಗರತ್ನ ಒಬ್ಬಟ್ಟಿಗೆ ಬೇಳೆ ಬೇಯಿಸಿದಳು. ನನಗೋ ಒಂದು ಕುತೂಹಲ. ಮೊದಲು ಅಳೆದಾಗ ಉರಿಬಿಸಿಲು. ಈಗ ಮಳೆಯಲ್ಲಿ ನೆಂದು ಹಗ್ಗ ಮುದುಡಿ, ಗಂಟುಗಳು ಹತ್ತಿರ ಹತ್ತಿರ ಬಂದಿದ್ದವು. ಅಭ್ಯಾಸ ಮಾಡದ, ಹಾಲುತುಪ್ಪ ಕಾಣದ ಏನನ್ನಾದರೂ ಅಳೆದು ನೋಡೋಣವೆಂದು, ಹಗ್ಗ ನೆಂದಾಗೊಮ್ಮೆ ಒಣಗಿದಾಗೊಮ್ಮೆ ನಮ್ಮ ಮನೆಯ ಜಗಲಿಯನ್ನು ಅಳೆದೆ. ಅದೂ ನೆಂದ ಹಗ್ಗದಲ್ಲಿ ನಾಲ್ಕು ಬೆರಳು ಬೆಳೆದಿತ್ತು.

"ಅವನು ಮುಂದುವರಿದ ಅಂತ ಹೇಳೋಕಾಗಲ್ಲ ಕಣೇ" ಎಂದೆ.

"ಹಾಗಾದ್ರೆ ಜಗಲೀನೇ ಹಾಸನಕ್ಕೆ ಕಳಿಸ್ರೀ!" ಎಂದು ನಾಗರತ್ನ ಬೇಳೆಯ ಪಾತ್ರೆ ಕುಕ್ಕಿದಳು.

ರುದ್ರೇಶನ ಮುಖ ಸಣ್ಣದಾಯಿತು. ಆಮೇಲೆ ತಲೆ ಎತ್ತಿದ. "ಭಾವ, ಜಗಲಿ ನಾಲ್ಕು ಬೆರಳು ಬೆಳೆದ್ರೆ ನಾನು ಒಂದು ಗೇಣು ಬೆಳೆದು ತೋರಿಸ್ತೀನಿ. ಆಗ ಒಪ್ಕತೀರಾ?"

"ಒಪ್ತೀನಿ ಕಣೋ. ಪಂದ್ಯಕ್ಕೆ ಇನ್ನೂ ದಿನ ಇದೆ."

ಅಂದಿನಿಂದ ಅವನನ್ನು ಅಳೆದ ದಿನವೆಲ್ಲ ಜಗಲಿಯನ್ನೂ ಅಳೆದೆ. ಮೇಷ್ಟರು ಮನೆ ಮಾರುತ್ತಿದ್ದಾರೆಂದು ಬೀದಿಯಲ್ಲಿ ಸುದ್ದಿಯಾಗಿ, ಕೊಬ್ಬರಿ ಮಂಡಿಯ ಸಾಹುಕಾರರು ಬೆಲೆ ವಿಚಾರಿಸಿಯೂ ಹೋದರು. ಜಗಲಿ ಒಂದು ದಿನ ಹಿಗ್ಗಿ ಒಂದು ದಿನ ಕುಗ್ಗಿದರೂ ಆ ನಾಲ್ಕು ಬೆರಳಿನೊಳಗೇ ಆಡುತ್ತಿತ್ತು. ರುದ್ರೇಶ ಮಾತ್ರ ಒಂದು ಬೆಳಿಗ್ಗೆ ತನ್ನ ಹಳೆಯ ಗುರುತಿಗಿಂತ ಒಂದೂವರೆ ಗೇಣು ಆಚೆ ಹೋಗಿ ಬಿದ್ದ. ಒಂದು ಸಲದ್ದು ಅದೃಷ್ಟವಿರಬಹುದು ಎಂದೆ. ಮರುದಿನವೂ ಅಲ್ಲೇ ಬಿದ್ದ. ಹೆಡ್ಮಾಸ್ಟರು ಒಪ್ಪಿದರು, ಹಾಸನ ಗಟ್ಟಿಯಾಯಿತು.

ಆ ಖುಷಿಯಲ್ಲಿ ಅವನು, "ಭಾವ, ನೀವೂ ಒಂದ್ಸಲ ಹಾರಿ" ಎಂದ. ಪಂಚೆ ಎತ್ತಿ ಕಟ್ಟಿ ಓಡಿಬಂದೆ. ಗೆರೆಯ ಹತ್ತಿರ ಪಂಚೆ ಕಾಲಿಗೆ ತೊಡರಿ ಅಲ್ಲೇ ಕುಕ್ಕರಿಸಿದೆ. ರುದ್ರೇಶ ಹಗ್ಗ ಹಿಡಿದು, ಬಗ್ಗಿ ನೋಡಿ, ಗೌರವದಿಂದಲೇ ಹೇಳಿದ: "ಮೂರು ಬೆರಳು ಐತೆ ಭಾವ."

ಅಂದರೆ, ನಾನೇ ಕಂಡುಹಿಡಿದ ಲೆಕ್ಕದ ಪ್ರಕಾರ, ನಾನು ಹಾರಿದೆನೆಂದು ಹೇಳಲು ಯಾವ ಆಧಾರವೂ ಇಲ್ಲ.