ಮೂರು ಗಂಟೆಗೆ ಕಾಣೆಯಾಗುವ ಕಂಪ್ಯೂಟರ್

ಕಳೆದುಹೋದ ವಸ್ತುಗಳನ್ನು ಹುಡುಕುವುದರಲ್ಲಿ ನಾನು ತಕ್ಕಮಟ್ಟಿಗೆ ಪಳಗಿದವನು. ಕನ್ನಡಕ, ಕೊಡೆ, ಸ್ಕೂಟರಿನ ಕೀಲಿಕೈ ಎಲ್ಲವನ್ನೂ ಸರದಿಯ ಪ್ರಕಾರ ಕಳೆದುಕೊಂಡು, ಮನೆಯವರ ಮೇಲೆ ರೇಗಾಡಿ, ಮತ್ತೆ ಸಂಪಾದಿಸಿಕೊಂಡ ಅನುಭವಸ್ಥ. ಆದರೆ ಕಣ್ಣೆದುರಿಗೇ ಮೇಜಿನ ಮೇಲೆ ಗುರ್ ಎನ್ನುತ್ತ ಕುಳಿತಿರುವ ವಸ್ತುವೇ ಕಾಣೆಯಾದರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಮುಟ್ಟಿದರೆ ಬೆಚ್ಚಗಿದೆ, ಒತ್ತಿದರೆ ಅಕ್ಷರ ಮೂಡುತ್ತದೆ, ಪಕ್ಕದ ಕಂಪ್ಯೂಟರಿನಲ್ಲಿ ನೋಡಿದರೆ ಮಾತ್ರ ಅಂಥದೊಂದು ಈ ಭೂಮಿಯ ಮೇಲೆ ಇಲ್ಲವೇ ಇಲ್ಲ!

ಗುರುವಾಯನಕೆರೆಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಉತ್ತರಕ್ರಿಯೆಯ ಕಾಗದ, ಹೀಗೆ ಮನುಷ್ಯನ ಎಲ್ಲ ಘಟ್ಟಗಳಲ್ಲೂ ನಾವು ಕೈಗೆ ಶಾಯಿ ಮೆತ್ತಿಕೊಂಡು ಭಾಗಿಗಳು. ಅಕ್ಷರ ಜೋಡಿಸುವವರು ವಿಮಲಕ್ಕ. ಲಾಯಿಲದಿಂದ ಬಸ್ಸಿನಲ್ಲಿ ಬರುತ್ತಾರೆ, ಹದಿನಾರು ವರ್ಷಗಳಿಂದ ನನ್ನನ್ನು ಸಹಿಸಿಕೊಂಡಿದ್ದಾರೆ. ವರನ ಕಡೆಯ ಸೋದರಮಾವನ ಹೆಸರು ಬಿಟ್ಟುಹೋಗಿ ಸಂಬಂಧವೇ ಮುರಿಯುವ ಪ್ರಸಂಗಗಳನ್ನು ಅವರು ಎಷ್ಟು ಸಲ ತಪ್ಪಿಸಿದ್ದಾರೋ ಲೆಕ್ಕವಿಲ್ಲ. ಅವರ ಕಂಪ್ಯೂಟರಿನಲ್ಲಿ ತಯಾರಾದ ಕಾಗದವನ್ನು ಮುದ್ರಣಯಂತ್ರದ ಪಕ್ಕದ ಕಂಪ್ಯೂಟರ್ ನೀಲಿ ವಯರಿನ ಮೂಲಕ ತೆರೆದು ಯಂತ್ರಕ್ಕೆ ಉಣಿಸುತ್ತದೆ. ಅದೇ ವಯರಿನ ಜಾಲಕ್ಕೆ ಸೇರಿದ ಮೂರನೆಯದು ನನ್ನ ಮೇಜಿನ ಮೇಲಿನದು. ಕಳೆದ ನವರಾತ್ರಿಗೆ ತಂದದ್ದು. ಅದರಿಂದ ಕೆಲಸವೇನೂ ಇಲ್ಲ. ಮಾಲಿಕನೆಂದ ಮೇಲೆ ಎದುರಿಗೆ ಒಂದು ಇರಬೇಕು, ತಾಳಮದ್ದಲೆ ಕೇಳಲಿಕ್ಕೂ ಆಗುತ್ತದೆ.

ನವರಾತ್ರಿ ಮುಗಿದದ್ದೇ ತಡ, ಕಾಟ ಶುರುವಾಯಿತು. ಬೆಳಗ್ಗೆಯೆಲ್ಲ ಸರಿಯಾಗಿದ್ದ ವಿಮಲಕ್ಕನ ಕಂಪ್ಯೂಟರ್ ಮಧ್ಯಾಹ್ನ ಮೂರರ ಹೊತ್ತಿಗೆ ಜಾಲದಿಂದ ಮಾಯ. ಗಿರಾಕಿಗಳು ಕೊನೇ ಗಳಿಗೆಯಲ್ಲಿ ಹೇಳುವ ತಿದ್ದುಪಡಿಗಳೆಲ್ಲ ಅಲ್ಲಲ್ಲೇ ನಿಂತವು. ಮೂಡಬಿದಿರೆಯಿಂದ ದಿನೇಶಣ್ಣನನ್ನು ಕರೆಸಿದೆ. ಅವರು ಈ ವಿದ್ಯೆಯಲ್ಲಿ ತಲೆ ನರೆಸಿಕೊಂಡವರು, ಆದರೆ ಬರುವುದು ಬೆಳಗ್ಗೆ ಮಾತ್ರ. ಬಂದರು, ವಯರನ್ನೆಲ್ಲ ಅಲುಗಾಡಿಸಿದರು, "ಎಲ್ಲ ಸರಿ ಉಂಟಲ್ಲ ಮಾರಾಯ್ರೆ, ಇದಕ್ಕೆ ಎಂತ ಆಗಿದೆ?" ಎಂದು ಚಹಾ ಕುಡಿದು ಹೋದರು. ಆಸ್ಪತ್ರೆಯ ಬಾಗಿಲಲ್ಲಿ ಜ್ವರ ಬಿಡುವ ಮಗುವಿನ ಹಾಗೆ ಆ ಯಂತ್ರ ನಿಶ್ಚಿಂತೆಯಿಂದ ಕುಳಿತಿತ್ತು.

ನಾನೂ ದಡ್ಡನಲ್ಲ ಎಂದು ನಂಬಿದವನು. ಕಾರಣವನ್ನು ನಾನೇ ಪತ್ತೆ ಮಾಡಿದೆ: ಗುಡುಗು. ನಮ್ಮ ಕಡೆ ಅಕ್ಟೋಬರ್ ಬಂತೆಂದರೆ ಮಧ್ಯಾಹ್ನ ಮೂರಕ್ಕೆ ಘಟ್ಟದ ಬದಿಯಲ್ಲಿ ಗುಡುಡು ಎನ್ನುತ್ತದೆ. ಎಂದದ್ದೇ ಮನೆಮನೆಯಲ್ಲೂ ಟೀವಿಯ, ಫ್ರಿಜ್ಜಿನ, ಇಂಟರ್ನೆಟ್ ಪೆಟ್ಟಿಗೆಯ ವಯರುಗಳನ್ನು ಎಳೆದು ಹಾಕುತ್ತಾರೆ. ವಿಮಲಕ್ಕನಂತೂ ಈ ವಿಷಯದಲ್ಲಿ ಬಹಳ ಶಿಸ್ತಿನವರು. ಅವರ ಹಳೆಯ ಕಂಪ್ಯೂಟರ್ ಸಿಡಿಲಿಗೆ ಆಹುತಿಯಾದ ಮೇಲೆ ಮೋಡ ಕಪ್ಪಾದರೂ ಸಾಕು, ಕೈ ಪ್ಲಗ್ಗಿನ ಕಡೆಗೆ ಹೋಗುತ್ತದೆ. ಇವರೇ ನೀಲಿ ವಯರು ಎಳೆದು ಮತ್ತೆ ಸಿಕ್ಕಿಸಲು ಮರೆಯುತ್ತಾರೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಬೆಳಗ್ಗೆಯೆಲ್ಲ ಬಂಟ್ವಾಳ, ಬೆಳ್ತಂಗಡಿ ಎಂದು ಆರ್ಡರು ಹುಡುಕಿಕೊಂಡು ಸುತ್ತಿ, ಊಟ ಮಾಡಿ, ಒಂದು ಸಣ್ಣ ನಿದ್ದೆ ತೆಗೆದು ನಾನು ಪ್ರೆಸ್ಸಿಗೆ ಬರುವುದೂ ಮೂರಕ್ಕೇ. ಅಂದರೆ ದಿನವೂ ಮೂರಕ್ಕೆ ಅಲ್ಲಿಗೆ ಎರಡು ಆಗಮನಗಳು. ಗುಡುಗಿನ ಮೇಲೆ ಮಾತ್ರ ನನಗೆ ಸಂಶಯ ಬಂತು.

ಒಂದು ಶುಕ್ರವಾರ ಮೆಲ್ಕಾರಿನ ಗಿರಾಕಿಯೊಬ್ಬರು, ಮದುಮಗಳ ತಂದೆ, ದಾರಿಯಲ್ಲೇ ಸಿಕ್ಕಿದರೆಂದು ಅವರನ್ನು ಕರೆದುಕೊಂಡು ಎರಡೂವರೆಗೇ ಬಂದೆ. ಮರುದಿನ ಬೆಳಗ್ಗೆ ಅವರು ಮೊದಲ ಕಾಗದವನ್ನು ದೇವರ ಎದುರಿಗೆ ಇಡಬೇಕಿತ್ತು. ನಾನು ನನ್ನ ಕಂಪ್ಯೂಟರ್ ಹಚ್ಚಿ, ಪರದೆಯ ಮೇಲೆ ಎಂದಿನಂತೆ ಬಂದ ಸಣ್ಣ ಚೌಕವನ್ನು ಎಂದಿನಂತೆ ಮುಚ್ಚಿ, "ಪ್ರಿಂಟ್ ಕೊಡಿ" ಎಂದೆ. ವಿಮಲಕ್ಕ ಮುದ್ರಣಯಂತ್ರದ ಕಡೆಗೆ ಹೋಗಿ, "ನನ್ನ ಕಂಪ್ಯೂಟರ್ ಪುನಃ ಹೋಯಿತು ಅಣ್ಣ, ಇಲ್ಲಿ ಕಾಣುದಿಲ್ಲ" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. "ನಿಮಗೆ ಆ ವಯರು ಎಳೆಯುವ ಚಟ ಬಿಡ್ಲಿಕ್ಕೆ ಆಗುದಿಲ್ಲವಾ ವಿಮಲಕ್ಕ? ಗುಡುಗಿಗೆ ಹೆದರುದಾದ್ರೆ ಮನೆಯಲ್ಲೇ ಕೂತ್ಕೊಳ್ಳಿ!"

"ನಾನು ವಯರು ಮುಟ್ಟಲಿಲ್ಲ ಅಣ್ಣ. ಇವತ್ತು ಗುಡುಗೇ ಬರ್ಲಿಲ್ಲ."

"ಹಾಗಾದ್ರೆ ಅದಕ್ಕೆ ಕಾಲು ಬಂತಾ?"

ಅವರು ನನ್ನನ್ನೊಮ್ಮೆ ನೋಡಿದರು. ಕಂಪ್ಯೂಟರ್ ಆರಿಸಿದರು, ಚೀಲ ಹೆಗಲಿಗೆ ಹಾಕಿಕೊಂಡರು. "ತಪ್ಪು ಮಾಡಿದಾಗ ಬೈದ್ರೆ ಕೇಳ್ತೇನೆ. ಮಾಡದ್ದಕ್ಕೆ, ಅದೂ ಹೊರಗಿನವರ ಎದುರು... ಬೇಡ ಅಣ್ಣ. ನಾಳೆಯಿಂದ ನಾನು ಬರುದಿಲ್ಲ." ಮೆಟ್ಟಿಲಿಳಿದು ಹೊರಟೇ ಹೋದರು. ಮದುಮಗಳ ತಂದೆ "ದಾನೆ ಆಂಡ್?" ಎಂದು ನನ್ನನ್ನು ಕೇಳಿದರು. ಏನಾಯಿತೆಂದು ನನಗಾದರೂ ಎಲ್ಲಿ ಗೊತ್ತಿತ್ತು? ನಾಳೆ ಒಂಬತ್ತರೊಳಗೆ ಕೊಡುತ್ತೇನೆಂದು ಅವರನ್ನು ಕಳಿಸಿಕೊಟ್ಟೆ.

ಶನಿವಾರ ಏಳೂವರೆಗೇ ಬಂದು ಬಾಗಿಲು ತೆಗೆದೆ. ವಿಮಲಕ್ಕನ ಕಂಪ್ಯೂಟರ್ ಹಚ್ಚಿ ಮುದ್ರಣಯಂತ್ರದ ಹತ್ತಿರ ಹೋಗಿ ನೋಡಿದರೆ, ಅದು ಜಾಲದಲ್ಲಿ ಇದೆ! ಕಾಗದ ತೆರೆಯಿತು, ಒಂದು ಪ್ರತಿಯೂ ಬಂತು. ಬಣ್ಣ ಚೆನ್ನಾಗಿತ್ತು. ಖುಷಿಯಲ್ಲಿ ನನ್ನ ಮೇಜಿಗೆ ಹೋಗಿ, ಒಂದಿಷ್ಟು ತಾಳಮದ್ದಲೆ ಹಾಕುವ ಎಂದು ನನ್ನ ಕಂಪ್ಯೂಟರನ್ನೂ ಹಚ್ಚಿ ವಾಪಸು ಬಂದರೆ ವಿಮಲಕ್ಕನದು ಮಾಯ. ಗುಡುಗಿಲ್ಲ, ಮೋಡವಿಲ್ಲ, ಬೈಯಲು ವಿಮಲಕ್ಕನೂ ಇಲ್ಲ. ಬೇರೆ ದಾರಿ ಕಾಣದೆ, ನನ್ನ ಪರದೆಯ ಮೇಲೆ ಬಂದಿದ್ದ ಆ ಸಣ್ಣ ಚೌಕವನ್ನು ಮೊದಲ ಬಾರಿಗೆ ಓದಿದೆ. ಇದೇ ಹೆಸರಿನ ಇನ್ನೊಂದು ಕಂಪ್ಯೂಟರ್ ಈ ಜಾಲದಲ್ಲಿ ಈಗಾಗಲೇ ಇದೆ ಎಂದು ಅದು ಎರಡು ವಾರಗಳಿಂದ ನನಗೆ ಹೇಳುತ್ತಿತ್ತು. "ಪ್ರೂಫ್ ಸರಿಯಾಗಿ ಓದಿ ಸಹಿ ಹಾಕಿ" ಎಂದು ಊರಿಗೆಲ್ಲ ಉಪದೇಶ ಮಾಡುವವನು ನಾನು.

ಹೆಸರಿಟ್ಟದ್ದೂ ನಾನೇ. ನಮ್ಮ ಮನೆಯ ಹೆಸರು ದೇವಿಕೃಪಾ. ಪ್ರೆಸ್ಸಿನದೂ ಅದೇ, ತಮ್ಮನ ರಿಕ್ಷಾದ್ದೂ ಅದೇ, ಅಕ್ಕನ ಹೊಲಿಗೆ ಅಂಗಡಿಯದೂ ಅದೇ. ಏನು ಹೊಸತು ಬಂದರೂ ಕುಂಕುಮ ಹಚ್ಚಿ ಆ ಹೆಸರು ಬರೆಸುವುದು ನಮ್ಮ ಕುಟುಂಬದ ಕ್ರಮ. ಬೇರೆ ಹೆಸರು ಇಡುವ ಧೈರ್ಯ ಯಾರಿಗೂ ಇಲ್ಲ. ವಿಮಲಕ್ಕನ ಕಂಪ್ಯೂಟರಿಗೂ ಹಾಗೆಯೇ ಇಟ್ಟಿದ್ದೆವು. ಆಯುಧಪೂಜೆಯ ದಿನ ಹೊಸ ಕಂಪ್ಯೂಟರ್ ಹೆಸರು ಕೇಳಿದಾಗ ನನ್ನ ಬೆರಳು ತಾನಾಗಿಯೇ ಅದನ್ನು ಒತ್ತಿತ್ತು. ದಿನೇಶಣ್ಣನಿಗೆ ಫೋನು ಮಾಡಿದೆ. ಅವರು ನಕ್ಕು ನಕ್ಕು ಕೆಮ್ಮಿದರು. "ಒಂದೇ ಹೆಸರಿನವರು ಇಬ್ಬರು ಇದ್ರೆ ಕರೆದಾಗ ಯಾರು ಓ ಅನ್ನುದು ಮಾರಾಯ್ರೆ? ನೀವು ನಿಮ್ಮದನ್ನು ಹಚ್ಚದಿದ್ರೆ ಆಯಿತು."

ನನ್ನದನ್ನು ಆರಿಸಿದೆ, ಮತ್ತೆ ಹಚ್ಚಲಿಲ್ಲ. ಕಾಗದ ಮುದ್ರಣವಾಯಿತು, ಒಂಬತ್ತಕ್ಕೆ ಮದುಮಗಳ ತಂದೆ ಒಯ್ದರು. ನಾನು ಬಾಗಿಲು ಹಾಕಿ ನೇರ ಲಾಯಿಲಕ್ಕೆ ಹೋದೆ. ವಿಮಲಕ್ಕ ಅಂಗಳದ ಚಪ್ಪರದಿಂದ ಬಸಳೆ ಕೊಯ್ಯುತ್ತಿದ್ದರು. ತಪ್ಪಾಯಿತೆಂದೆ. ನಿಮ್ಮದೇನೂ ತಪ್ಪಿರಲಿಲ್ಲ, ಎಲ್ಲ ನನ್ನದೇ ಎಂದು ಹೆಸರಿನ ಕತೆಯನ್ನೂ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಹೆಸರಿನ ವಿಷಯ ಗೊತ್ತಿರ್ಲಿಲ್ಲ. ನೀವು ಬಂದು ಕೂತ ಕೂಡ್ಲೇ ಅದು ಹೋಗುದು ಅಂತ ಗೊತ್ತಿತ್ತು."

"ಹೇಳ್ಬಾರ್ದಿತ್ತಾ?"

"ಎರಡು ಸಲ ಹೇಳಿದೆ. ನೀವು ನಗಾಡಿದ್ರಿ. ಮತ್ತೆ ನಾನು ಎರಡೂಮುಕ್ಕಾಲಕ್ಕೆ ಎಲ್ಲ ಪೆನ್‌ಡ್ರೈವಿಗೆ ಹಾಕಿ ಆಚೆ ಕಂಪ್ಯೂಟರಿಗೆ ಕೊಡ್ಲಿಕ್ಕೆ ಶುರು ಮಾಡಿದೆ. ನಿನ್ನೆ ನೀವು ಬೇಗ ಬಂದ್ರಲ್ಲ."

ಸೋಮವಾರ ಅವರು ಬಂದರು. ದಿನೇಶಣ್ಣನೂ ಬಂದು ನನ್ನ ಕಂಪ್ಯೂಟರಿನ ಹೆಸರು ಬದಲಾಯಿಸಿದರು. ಅಂದಿನಿಂದ ಒಂದೂ ಕಾಣೆಯಾಗಿಲ್ಲ, ಮೂರರಲ್ಲಿ ಮೂರೂ ಹಾಜರು. ಆದರೂ ನಿನ್ನೆ ನಾನು ಒಳಗೆ ಕಾಲಿಡುವಾಗ ವಿಮಲಕ್ಕ ಮುದ್ರಣಯಂತ್ರದ ಪಕ್ಕದಲ್ಲಿ ನಿಂತು ಪೆನ್‌ಡ್ರೈವ್ ಸಿಕ್ಕಿಸುತ್ತಿದ್ದರು.

"ಇನ್ನು ಅದೆಲ್ಲ ಎಂತಕ್ಕೆ ವಿಮಲಕ್ಕ? ಕಂಪ್ಯೂಟರ್ ಸರಿ ಆಯ್ತಲ್ಲ?" ಎಂದೆ.

"ಹೌದು ಅಣ್ಣ, ಕಂಪ್ಯೂಟರ್ ಸರಿ ಆಯ್ತು" ಎಂದರು ಅವರು, ಪೆನ್‌ಡ್ರೈವನ್ನು ಮಾತ್ರ ತೆಗೆಯಲಿಲ್ಲ.