ಸಿಡಿಲು ತಿಂದ ಹಾಯಿಕಂಬ

ಸಿಡಿಲಿಗೂ ನನಗೂ ಏನೋ ನೆಂಟಸ್ತಿಕೆ ಇರಬೇಕು. ಈ ಜನ್ಮದಲ್ಲಿ ಏಳು ಸಲ ನನ್ನನ್ನು ಹುಡುಕಿಕೊಂಡು ಬಂದಿದೆ, ಏಳು ಸಲವೂ ಸೋತು ಹೋಗಿದೆ. ಆರು ಸಲದ್ದು ಹೇಳಿದರೆ ನೀವು ನಂಬೋದಿಲ್ಲ. ಏಳನೆಯದಕ್ಕೆ ಸಾಕ್ಷಿ ಇದೆ, ಅದನ್ನೇ ಹೇಳ್ತೀನಿ.

ನಾನು ಶಾಲೆ ಮೆಟ್ಟಿಲು ಹತ್ತಿದವನಲ್ಲ; ಹತ್ತಿದ್ದೆಲ್ಲ ಅಡಿಕೆ ಮರ. ಮೊಣಕಾಲು ಕೈಕೊಟ್ಟ ಮೇಲೆ ಸಾಗರದ ಕಡೆ, ಶರಾವತಿ ಹಿನ್ನೀರಲ್ಲಿ ದೋಣಿ ನಡೆಸೋಕೆ ಶುರು ಮಾಡಿದೆ. ಮೂರು ವರ್ಷದ ಕೆಳಗೆ ತೀರ್ಥಹಳ್ಳಿಯಿಂದ ಒಬ್ಬ ಡಾಕ್ಟರು ಬಂದರು. "ಯಜಮಾನ್ರೆ, ಒಂದು ಹಾಯಿದೋಣಿ ತರಿಸ್ತಿದೀನಿ. ಇಲ್ಲೇ ನೀರಲ್ಲಿ ಇರುತ್ತೆ. ನೀವು ನೋಡ್ಕೊಳ್ತೀರಾ?" ಅಂದರು.

"ಹಡಗೇ ತನ್ನಿ," ಅಂದೆ. ಅವತ್ತಿಂದ ನಾನು ಕ್ಯಾಪ್ಟನ್.

ಕಂಬದ ಸವಾರಿ

ದೋಣಿ ಮೊದಲು ಬಂತು, ಹಾಯಿ ಕಟ್ಟೋ ಕಂಬ ಆಮೇಲೆ ಬಂತು. ಮೂವತ್ತು ಅಡಿ ಉದ್ದದ ಅಲ್ಯೂಮಿನಿಯಂ, ಬೆಳ್ಳಿ ಹಾಗೆ ಫಳಫಳ. ಕರಾವಳಿಯಿಂದ ಘಾಟಿ ಹತ್ತಿಸಿ ತರೋ ಲಾರಿಯಲ್ಲಿ ಕಾವಲಿಗೆ ನಾನೇ ಕೂತಿದ್ದೆ. ಹೊಸನಗರದಲ್ಲಿ ಚಾ ಕುಡಿಯೋಕೆ ನಿಲ್ಲಿಸಿದಾಗ ಒಬ್ಬ ಹೆಂಗಸು ಚಪ್ಪಲಿ ಬಿಟ್ಟು ಕಂಬಕ್ಕೆ ಕೈ ಮುಗಿದಳು.

"ಯಾವ ದೇವಸ್ಥಾನದ ಧ್ವಜಸ್ತಂಭ ಅಜ್ಜ?"

ನನ್ನ ಬಾಯ್ತುಂಬ ಬನ್ನು. ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಅವಳಿಗೆ ಹೂಂ ಅಂದ ಹಾಗೆ ಕಂಡಿತೇನೋ. ಬನ್ನು ನುಂಗೋದ್ರೊಳಗೆ ಕಂಬಕ್ಕೆ ಅರಿಶಿನ, ಕುಂಕುಮ, ಸೇವಂತಿಗೆ ಮಾಲೆ ಎಲ್ಲ ಬಿದ್ದಿತ್ತು. ಸುದ್ದಿ ಫೋನಲ್ಲೇ ಮುಂದಕ್ಕೆ ಹೋಗಿತ್ತು. ಆನಂದಪುರದಲ್ಲಿ ರಸ್ತೆ ಬದಿ ಆರತಿ ಹಿಡಿದು ನಿಂತಿದ್ದರು. ಲಾರಿಯವನು ನಿಲ್ಲಿಸದೆ ಇರ್ತಾನಾ?

ದಡದಲ್ಲಿ ಕಾಯ್ತಿದ್ದ ಡಾಕ್ಟರು ಲಾರಿ ನೋಡಿ ಬೆಚ್ಚಿದರು. "ಇದೆಂತ ಮಾರಾಯ್ರೆ, ನನ್ನ ಕಂಬದ ಜೊತೆ ಎಂಬತ್ತು ತೆಂಗಿನಕಾಯಿ?"

"ಕಂಬ ನಿಮ್ಮದು ಡಾಕ್ಟ್ರೇ," ಅಂದೆ, "ಭಕ್ತರು ನನ್ನವರು." ಆ ತಿಂಗಳು ನಮ್ಮ ಮನೆಯಲ್ಲಿ ಚಾಕ್ಕೆ ಮಾತ್ರ ಕಾಯಿ ಹಾಕಲಿಲ್ಲ.

ಭರಣಿ ಮಳೆ

ಭರಣಿ ಮಳೆ ಅಂದ್ರೆ ನೀರಿಗಿಂತ ಗುಡುಗೇ ಜಾಸ್ತಿ. ಈ ವರ್ಷ ಒಂದು ಮಧ್ಯಾಹ್ನ ಆಕಾಶ ಹಂಡೆ ತಳದ ಹಾಗೆ ಕಪ್ಪಾಯ್ತು. ನಾನು ದೋಣಿ ಮೇಲೆ ಒಬ್ಬನೇ ನಿಂತಿದ್ದೆ. ಸಿಡಿಲು ಬರೋದು ಕಂಡೆ, ಎಡಕ್ಕೆ ಒಂದು ಹೆಜ್ಜೆ ಸರಿದೆ. ಅದು ನನ್ನ ಕಿವಿ ಪಕ್ಕ ಹಾದು, ಬೀಡಿ ಹೊತ್ತಿಸಿ, ಕಂಬಕ್ಕೆ ಹೊಡೀತು. ತುದಿಯಲ್ಲಿ ಗಾಳಿ ತೋರಿಸ್ತಿದ್ದ ಬಾಣ ಮಾಯ. ದೋಣಿಯ ರೇಡಿಯೋ ಕರಟಿ ಹೋಯ್ತು. ಸುತ್ತ ನೀರಲ್ಲಿ ಮೀನು ಬೆಂದು ತೇಲಿದವು. ಉಪ್ಪು ಖಾರ ಹಚ್ಚೋದೊಂದೇ ಬಾಕಿ.

ನನ್ನ ಹೆಂಡತಿ ಬೇರೆಯೇ ಹೇಳ್ತಾಳೆ. ಸಿಡಿಲು ಬಡಿಯೋ ಹೊತ್ತಲ್ಲಿ ನಾನು ದಡದ ಅಂಗಡಿಯ ಬೆಂಚಿನ ಕೆಳಗೆ ಕವುಚಿ ಮಲಗಿದ್ದೆನಂತೆ. ಅವಳಿಗೆ ಏನು ಕಂಡೀತು? ಕಣ್ಣು ಮುಚ್ಚಿಕೊಂಡು ಅದೇ ಬೆಂಚಿನ ಕೆಳಗೆ ನನ್ನ ಪಕ್ಕದಲ್ಲೇ ಇದ್ದಳು.

ತಟ್ಟಿ ನೋಡಿದ್ದು

ಡಾಕ್ಟರ ಹೆಂಡತಿಯನ್ನ ನಾನು ಅಮ್ಮ ಅಂತೀನಿ. ಅವರು ಖಡಾಖಂಡಿತ ಹೇಳಿಬಿಟ್ಟರು: "ಸಿಡಿಲು ಕರೆಯೋ ದೋಣಿ ನಮಗ್ಯಾಕೆ? ಭಾನುವಾರ ನಾನೇ ಕೂತು ನೋಡ್ತೀನಿ. ಒಂದು ಹೆಚ್ಚುಕಮ್ಮಿ ಆದ್ರೂ ಗುಜರಿಗೆ."

ದೋಣಿ ಗುಜರಿಗೆ ಹೋದ್ರೆ ಕ್ಯಾಪ್ಟನ್ ಎಲ್ಲಿಗೆ ಹೋಗಬೇಕು? ಊರಲ್ಲಿ ಒಂದು ಮರ್ಯಾದೆ ಹುಟ್ಟಿತ್ತು, ಅದೂ ಎಪ್ಪತ್ತೆಂಟನೇ ವಯಸ್ಸಲ್ಲಿ.

ಶನಿವಾರ ರಿಪೇರಿಯವನು ಬಂದ. ಕಂಬ ಇಳಿಸಿ, ಅದನ್ನ ಬಿಗಿಹಿಡಿಯೋ ತಂತಿಗಳನ್ನೆಲ್ಲ ಹೊಸದು ಮಾಡಿದ. "ಕಂಬಕ್ಕೆ ಏನೂ ಆಗಿಲ್ಲ ಅಜ್ಜ, ನಾಳೆ ನಿಲ್ಲಿಸಿ," ಅಂತ ಹೊರಟೇ ಹೋದ. ಅವನು ಒಂದು ಸಲವಾದರೂ ತಟ್ಟಿದ್ನಾ? ಇಲ್ಲ! ಅಡಿಕೆ ಕೊನೆ ಕೊಯ್ಯೋನು ಮರ ಹತ್ತೋ ಮೊದಲು ಕತ್ತಿ ಹಿಡಿಯಿಂದ ತಟ್ಟಿ ಕೇಳ್ತಾನೆ. ಒಳಗೆ ಪೊಳ್ಳಾಗಿದ್ರೆ ಮರವೇ ಹೇಳುತ್ತೆ. ನಾನು ತಟ್ಟಿದೆ. ಟೊಳ್ ಅಂತು. ಬುಡದಿಂದ ತುದಿವರೆಗೆ ಟೊಳ್ ಟೊಳ್. ಸಿಡಿಲು ಕಂಬದ ತಿರುಳು ಪೂರ್ತಿ ತಿಂದು, ಬರೀ ಸಿಪ್ಪೆ ಬಿಟ್ಟಿದೆ!

ಡಾಕ್ಟರಿಗೆ ಹೇಳಿದ್ರೆ ಅಮ್ಮಂಗೆ ಗೊತ್ತಾಗುತ್ತೆ. ಕಂಬದ ಬುಡ ಬಿಚ್ಚಿ, ಅಡಿಕೆ ಮರ ಸೀಳಿದ ದಬ್ಬೆ ಜಡಿದೆ, ಸಂದಿಗೆ ಹೊಳೆ ಮರಳು ಸುರಿದೆ, ಬಾಯಿಗೆ ಸಿಮೆಂಟು ಮೆತ್ತಿದೆ. ಈಗ ತಟ್ಟಿದರೆ ದಪ್ ದಪ್. ತೇಗದ ತೊಲೆ ಕೂಡ ಅಷ್ಟು ಗಂಭೀರವಾಗಿ ಮಾತಾಡೋದಿಲ್ಲ.

ಇಳಿಸೋಕೆ ಮೂರು ಜನ ಸಾಕಾಗಿತ್ತು. ಬೆಳಿಗ್ಗೆ ನಿಲ್ಲಿಸೋಕೆ ಹನ್ನೊಂದು ಜನ ಬೇಕಾಯ್ತು. ಆಗ ನನಗೆ ಅನುಮಾನ ಬರಬೇಕಿತ್ತು. ಬಂದದ್ದು ಹೆಮ್ಮೆ.

ಭಾನುವಾರ

ಡಾಕ್ಟರು, ಅಮ್ಮ, ನಾನು, ಮೂರೂ ಜನ ಲೈಫ್ ಜಾಕೆಟ್ ತೊಟ್ಟು ಹೊರಟೆವು. ಹಾಯಿ ಏರಿಸಿದ್ದೇ ಗಾಳಿ ಬಂತು. ದೋಣಿ ಕೆಸರಿಗೆ ಬಂದ ಎಮ್ಮೆ ಹಾಗೆ ಒಂದು ಮಗ್ಗುಲಿಗೆ ವಾಲಿತು.

"ಇದೆಂತ್ರೀ, ಹಿಂಗೆ ವಾಲ್ತಾ ಇದೆ?" ಅಮ್ಮ ಅಂಚು ಹಿಡಿದುಕೊಂಡರು.

"ಹಾಯಿದೋಣಿ ವಾಲೋದೇ ಕಣೆ," ಅಂದರು ಡಾಕ್ಟರು. ಆದರೆ ಅವರೂ ಹಿಡಿದುಕೊಂಡರು.

ವಾಲಿದ್ದು ಏಳಲೇ ಇಲ್ಲ. ಇನ್ನೂ ವಾಲಿತು. ಹೊಸ ತಂತಿ ಟಣ್ ಅಂತ ಹರೀತು. ಕಂಬ ಬುಡಸಮೇತ ಕಿತ್ತುಕೊಂಡು, ಮದುವೆ ಊಟ ಮಾಡಿದ ದೊಡ್ಡ ಮನುಷ್ಯ ದಿಂಬಿಗೆ ಒರಗೋ ಹಾಗೆ ನಿಧಾನಕ್ಕೆ ನೀರಿಗೆ ಒರಗಿತು. ಬುಡದ ಸಿಮೆಂಟು ಒಡೆದು ಡಾಕ್ಟರ ಕಾಲ ಮೇಲೆ ಮರಳು, ಮರಳಿನ ಮೇಲೆ ದಬ್ಬೆ.

ಡಾಕ್ಟರು ಒಂದು ದಬ್ಬೆ ಎತ್ತಿ ಹಿಡಿದರು. "ಯಜಮಾನ್ರೆ, ನನ್ನ ಕಂಬದೊಳಗೆ ಅಡಿಕೆ ಮರ ಯಾವಾಗ ಬೆಳೀತು?"

"ಸಿಡಿಲು ತಿರುಳು ತಿಂದಿತ್ತು ಡಾಕ್ಟ್ರೇ. ಅದಕ್ಕೇ ತುಂಬಿದೆ."

"ಅಯ್ಯೋ ಮಾರಾಯ, ಅದು ಹುಟ್ಟುವಾಗಲೇ ಪೊಳ್ಳು! ಕೊಳವೆ ಅದು, ಕೊಳವೆ!"

ನನ್ನ ಕ್ಯಾಪ್ಟನ್‌ಗಿರಿ ಮುಗೀತು ಅಂದುಕೊಂಡು ಅಮ್ಮನ ಮುಖ ನೋಡಿದೆ. ಅವರು ದೋಣಿಯ ಈ ಅಂಚು ಆ ಅಂಚು ನೋಡ್ತಿದ್ದರು. ಕಂಬ ಹೋದದ್ದೇ ದೋಣಿ ನೆಟ್ಟಗೆ, ಊಟದ ಮಣೆ ಹಾಗೆ ಕೂತುಬಿಟ್ಟಿತ್ತು. ಅಮ್ಮ ಮೆಲ್ಲಗೆ ಅಂಚಿನಿಂದ ಕೈ ಬಿಟ್ಟರು.

"ಈಗ ಸರಿ ಕೂತಿತು ನೋಡಿ! ಸಿಡಿಲು ಕರೆದಿದ್ದೂ ಆ ಕಂಬವೇ, ದೋಣಿ ವಾಲಿಸಿದ್ದೂ ಆ ಕಂಬವೇ. ಕಂಬ ಗುಜರಿಗೆ ಹೋಗ್ಲಿ. ದೋಣಿ ಇರ್ಲಿ, ಕ್ಯಾಪ್ಟನ್ನೂ ಇರ್ಲಿ. ನಿಧಾನ ಹುಟ್ಟು ಹಾಕಿ."

"ನಾನೂ ಅದೇ ಯೋಚಿಸಿ ಮಾಡಿದ್ದು ಅಮ್ಮ," ಅಂದೆ, ಹುಟ್ಟು ಎತ್ತಿಕೊಂಡೆ.

ಡಾಕ್ಟರು ಅಳೋದೊಂದೇ ಬಾಕಿ. "ಕಂಬ ಇಲ್ಲದೆ ಹಾಯಿ ಇಲ್ಲ. ಹಾಯಿ ಇಲ್ಲದ ಮೇಲೆ ಇದನ್ನ ಹಾಯಿದೋಣಿ ಅಂತ ಯಾರು ಕರೀತಾರೆ?"

ಅಮ್ಮ ಸೆರಗಿನಿಂದ ಮರಳು ಕೊಡವಿಕೊಂಡರು.

"ನೀವು ಕೊನೇ ಸಲ ಒಬ್ಬರ ನಾಡಿ ಹಿಡಿದು ಹತ್ತು ವರ್ಷ ಆಯ್ತು. ಊರವರು ಇನ್ನೂ ಡಾಕ್ಟ್ರೇ ಅಂತ ಕರೀತಿಲ್ವಾ?"