ಬೆಟ್ಟಯ್ಯನ ಕೊನೇ ತೊಟ್ಟು

ಹಲ್ಲುಜ್ಜುವ ಪೇಸ್ಟಿನ ಟ್ಯೂಬುಗಳೆಲ್ಲ ಸೇರಿ ಒಂದು ಪುರಾಣ ಬರೆದಿದ್ದರೆ ಅದರಲ್ಲಿ ಯಮನಿಗೆ ಬೆಟ್ಟಯ್ಯ ಎಂದೇ ಹೆಸರಿರುತ್ತಿತ್ತು. ಬೇರೆಯವರ ಮನೆಯಲ್ಲಿ ಖಾಲಿಯಾದ ಟ್ಯೂಬಿಗೆ ಸದ್ಗತಿ ಸಿಗುತ್ತದೆ. ಬೆಟ್ಟಯ್ಯನ ಮನೆಯಲ್ಲಿ ಖಾಲಿಯಾದ ಮೇಲೆಯೇ ಅದರ ಗ್ರಹಚಾರ ಆರಂಭ. ಮೊದಲು ಹೆಬ್ಬೆರಳಿನಲ್ಲಿ ಹಿಂಡುವುದು, ಆಮೇಲೆ ಬಾಗಿಲ ಸಂದಿಗೆ ಕೊಟ್ಟು ಒತ್ತುವುದು, ಆಮೇಲೆ ಲಟ್ಟಣಿಗೆ, ಕಟ್ಟಕಡೆಗೆ ಕತ್ತರಿ. ಗ್ಯಾಸು ಮುಗಿಯಿತೆಂದು ಅಡುಗೆಮನೆ ಘೋಷಿಸಿದ ಮೇಲೂ ಅವನು ಸಿಲಿಂಡರನ್ನು ಮಗುವಿನಂತೆ ಅಡ್ಡ ಮಲಗಿಸಿ, ಹೊರಳಿಸಿ, ತಟ್ಟಿ, ಇಡೀ ಬೀದಿಗಾಗುವಷ್ಟು ಕಾಫಿ ಕಾಯಿಸಿದ್ದನೆಂದು ಮಳವಳ್ಳಿಯಲ್ಲಿ ಪ್ರತೀತಿ. ಬೆಟ್ಟಯ್ಯ ಕಬ್ಬಿನಹಾಲಿನ ಗಾಡಿಯ ಮುಂದೆ ಹಾದುಹೋದರೆ ಆಗಲೇ ಗಾಣದಿಂದ ಹೊರಬಿದ್ದ ಸಿಪ್ಪೆಯೂ ಗಡಗಡ ನಡುಗುತ್ತದಂತೆ.

ಇಂಥ ಮಹಾಪುರುಷನಿಗೆ ವಿಧಿ ತಾಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿಯನ್ನೇ ಕರುಣಿಸಿತ್ತು. ಪಹಣಿ, ಅರ್ಜಿ, ಮದುವೆ ಫೋಟೋ, ಎಲ್ಲದಕ್ಕೂ ಅಲ್ಲೊಂದು ಪ್ರಿಂಟರು. ಇಂಕು ಮುಗಿದಿದೆ ಎಂದು ಅದು ಕೆಂಪು ದೀಪ ಹೊತ್ತಿಸಿದರೆ ಬೆಟ್ಟಯ್ಯ ನಂಬುತ್ತಿರಲಿಲ್ಲ. "ಮುಗಿಯಾದು ಅಂದ್ರೆ ಏನು ಅಂತ ನಿಂಗೇನ್ಲಾ ಗೊತ್ತು?" ಎಂದು ಅದನ್ನೇ ಗದರಿಸಿ, ಇಂಕಿನ ಕಾರ್ಟ್ರಿಜ್ಜನ್ನು ಹೊರಗೆಳೆದು ಕಿವಿಯ ಪಕ್ಕ ಕುಲುಕಿ ಮತ್ತೆ ತುರುಕುತ್ತಿದ್ದ. ಫೋಟೋದಲ್ಲಿ ಅರ್ಧ ಮೀಸೆ ಮಾತ್ರ ಮೂಡಿದರೆ ಉಳಿದರ್ಧವನ್ನು ಪೆನ್ನಿನಲ್ಲಿ ತಿದ್ದಿಕೊಳ್ಳುವಂತೆ ಗಿರಾಕಿಗೇ ಸೂಚಿಸುತ್ತಿದ್ದ.

ಹೀಗೆ ಹಿಂಸೆ ಅನುಭವಿಸಿ ಪ್ರಾಣಬಿಟ್ಟ ಕಾರ್ಟ್ರಿಜ್ಜುಗಳನ್ನಾದರೂ ಬಿಸಾಡುತ್ತಿದ್ದನೇ? ಇಲ್ಲ. ಅವು ಮನೆಗೆ ಬರುತ್ತಿದ್ದವು. ಮಂಚದ ಕೆಳಗೆ, ಅಟ್ಟದ ಮೇಲೆ, ಕಡೆಗೆ ಹೆಂಡತಿ ಕಾಮಾಕ್ಷಮ್ಮನ ರಾಗಿ ಡ್ರಮ್ಮಿನೊಳಗೆ ಬೀಡುಬಿಟ್ಟಿದ್ದವು. ಇವನ್ನು ಕಸದ ಗಾಡಿಗೆ ಹಾಕಿದರೆ ಮಣ್ಣು ಕೆಡುತ್ತದೆ, ಚರಂಡಿ ಸೇರಿದರೆ ಕೆರೆ ಕೆಡುತ್ತದೆ, ತಯಾರಿಸಿದವರಿಗೇ ತಿರುಗಿ ಮುಟ್ಟಿಸುವುದು ನಾಗರಿಕನ ಧರ್ಮ ಎಂದು ಅವನು ಅವಳಿಗೆ ಉಪದೇಶಿಸುತ್ತಿದ್ದ. (ಮಾತು ಸತ್ಯವೇ. ಬೆಟ್ಟಯ್ಯನ ಮಾತು ಯಾವಾಗಲೂ ಸತ್ಯವೇ ಆಗಿರುತ್ತದೆ. ಎಡವಟ್ಟು ಶುರುವಾಗುವುದು ಆಮೇಲೆ.)

"ಧರ್ಮ ಮಾಡೋರು ರಾಗಿ ಡ್ರಮ್ಮಲ್ಲೇ ಮಾಡ್ಬೇಕಾ?" ಎಂದು ಕಾಮಾಕ್ಷಮ್ಮ ಕೇಳಿದ್ದು ಒಂದು ಶನಿವಾರ. ಮರುದಿನ ಮಳವಳ್ಳಿಯ ಮೈದಾನದಲ್ಲಿ ಕುರಿ ಪ್ರದರ್ಶನ. ಬಂಡೂರಿನಿಂದ ಅವಳ ತಮ್ಮ ಸಿದ್ದೇಶ ತನ್ನ ಟಗರಿನೊಂದಿಗೆ ಬೆಳಿಗ್ಗೆಯೇ ಬರುವವನಿದ್ದ. ತವರುಮನೆಯವರು ಬಂದಾಗ ರಾಗಿ ತೆಗೆಯಲು ಡ್ರಮ್ಮಿಗೆ ಕೈ ಹಾಕಿದರೆ ಪ್ಲಾಸ್ಟಿಕ್ ಡಬ್ಬಿ ಸಿಗಬೇಕೇ? ಸಂಜೆಯೊಳಗೆ ಅವು ಜಾಗ ಖಾಲಿ ಮಾಡದಿದ್ದರೆ ರಾಗಿಗೆ ಬದಲು ಅವನ್ನೇ ಬೀಸಿ ಮುದ್ದೆ ಕಟ್ಟಿ ಬಡಿಸುವುದಾಗಿ ಅವಳು ತಣ್ಣಗೆ ತಿಳಿಸಿದಳು.

ಬೆಟ್ಟಯ್ಯ ಮಂಡ್ಯದ ಗುತ್ತಲಿನಲ್ಲಿದ್ದ ಮೆಹಬೂಬ್ ಪಾಷಾನಿಗೆ ಫೋನು ಮಾಡಿದ. ಪಾಷಾ ಪ್ರಿಂಟರ್ ರಿಪೇರಿ ಮಾಡುವವನು. ಖಾಲಿ ಕಾರ್ಟ್ರಿಜ್ಜುಗಳನ್ನು ಊರೂರಿನಿಂದ ಒಟ್ಟುಮಾಡಿ ಮತ್ತೆ ಬಳಸುವ ಕಂಪನಿಗೆ ಕಳಿಸುವುದೂ ಅವನ ಕೆಲಸವೇ. ಅದೃಷ್ಟವೆಂದರೆ ಅದೇ ಪ್ರದರ್ಶನದಲ್ಲಿ ಅವನದೂ ಒಂದು ಮಳಿಗೆ ಇತ್ತು.

"ಅಲ್ಲಿಗೇ ತಂದ್ಬಿಡಿ ಬೆಟ್ಟಣ್ಣ," ಎಂದ ಪಾಷಾ. "ಇದ್ದಂಗೇ ಕವರ್‌ಗೆ ಹಾಕಿ ಬಾಯಿ ಕಟ್ಟಿ. ಬಿಚ್ಚಬೇಡಿ, ತೊಳೀಬೇಡಿ. ಇಷ್ಟೊಂದು ಜೋಪಾನ ಮಾಡಿರೋರು ಈ ಕಡೆ ಯಾರೂ ಇಲ್ಲ. ಸ್ಟೇಜ್ ಮೇಲೆ ನಿಮಗೊಂದು ಶಾಲು ಹೊದಿಸ್ತೀವಿ."

ಶಾಲು! ಬೆಟ್ಟಯ್ಯ ಹುಟ್ಟಿದ ಮೇಲೆ ಅವನಿಗೆ ಪುಕ್ಕಟೆ ಬಂದಿದ್ದೆಂದರೆ ಶೀತ ಒಂದೇ. ಅವನು ಉಬ್ಬಿಹೋದ. ಡ್ರಮ್ಮು ಬರಿದು ಮಾಡಿ, ಹಿತ್ತಲಲ್ಲಿ ಕುಳಿತು, ಒಂದೊಂದೇ ಕಾರ್ಟ್ರಿಜ್ಜನ್ನು ಕವರಿಗೆ ಹಾಕತೊಡಗಿದ. ಹಾಕುವ ಮುನ್ನ ಅಭ್ಯಾಸಬಲದಿಂದ ಒಂದನ್ನು ಕಿವಿಯ ಪಕ್ಕ ಕುಲುಕಿದ.

ಒಳಗೆ ಏನೋ ಇನ್ನೂ ಜೀವಂತವಾಗಿತ್ತು.

ಕಾರ್ಟ್ರಿಜ್ಜನ್ನು ಇಂಕಿನ ಸಮೇತ ದಾನ ಮಾಡುವುದೇ? ಬಿಚ್ಚಬೇಡಿ ಎಂಬ ಪಾಷಾನ ಮಾತು ಒಂದು ಕಿವಿಯಲ್ಲಿತ್ತು, ನಿಜ. ಆದರೆ ತೊಟ್ಟಿನ ಸದ್ದು ಇನ್ನೊಂದು ಕಿವಿಯಲ್ಲಿತ್ತು. ಸ್ಕ್ರೂಡ್ರೈವರು ಬಂತು. ಮುಚ್ಚಳಗಳು ಹಾರಿದವು. ಒಳಗಿದ್ದ ಸ್ಪಂಜುಗಳನ್ನು ಬೆಟ್ಟಯ್ಯ ನಿಂಬೆಹಣ್ಣಿನಂತೆ ಹಿಂಡಿದ. ಕಪ್ಪು ಇಂಕು ಅಂಗಡಿಯ ಸ್ಟ್ಯಾಂಪ್ ಪ್ಯಾಡಿಗೆ ಸಂದಿತು. ಉಳಿದದ್ದು ಬಣ್ಣದ ಇಂಕು. ಅದರಲ್ಲಿ ಹಳದಿ ಹೆಸರಿಗೆ ಮಾತ್ರ ಇತ್ತು (ಮಳವಳ್ಳಿಯ ಅರಿಶಿನ ಶಾಸ್ತ್ರದ ಫೋಟೋಗಳು ಅದನ್ನೆಲ್ಲ ಕುಡಿದಿದ್ದವು). ಮಿಕ್ಕವು ಬೆರೆತು, ಬಟ್ಟಲಲ್ಲಿ ನೋಡಲು ಥೇಟ್ ಬಿಳಿಬಟ್ಟೆಗೆ ಹಾಕುವ ನೀಲಿಯಂತೆ ಕಾಣುತ್ತಿತ್ತು.

ನೀಲಿಯಂತೆ ಕಾಣುವುದು ನೀಲಿಯಾಗಿ ಏಕೆ ದುಡಿಯಬಾರದು? ಖಾಲಿಯಾದ ನೀಲಿ ಬಾಟಲಿ ಬಚ್ಚಲಿನ ಗೂಡಿನಲ್ಲೇ ಇತ್ತು. (ಬಾಟಲಿಯನ್ನು ಮಾತ್ರ ಬಿಸಾಡುತ್ತಾನೆಯೇ?) ಅದಕ್ಕೆ ತುಂಬಿ, ಮುಚ್ಚಳ ತಿರುಗಿಸಿ, ಮತ್ತೆ ಗೂಡಿನಲ್ಲಿಟ್ಟ. ಇನ್ನು ಅವನ ಪಂಚೆಗಳೆಲ್ಲ ವರ್ಷಾನುಗಟ್ಟಲೆ ಹಾಲಿನಂತೆ ಹೊಳೆಯಬೇಕು. ಹೆಂಡತಿಗೆ ಹೇಳಿದರೆ ಬೈಯುತ್ತಾಳೆಂದು, ಫಲ ಕಂಡ ಮೇಲೆ ಹೇಳಿ ಹೊಗಳಿಸಿಕೊಳ್ಳೋಣವೆಂದು ಸುಮ್ಮನಾದ.

ಬೆಳಿಗ್ಗೆ ಸಿದ್ದೇಶ ಬಂದ. ಟಗರೂ ಬಂತು. ಅದರ ಗಿಡ್ಡ ಕಾಲೇನು, ಅಗಲ ಬೆನ್ನೇನು, ಹಿಂದಿನಿಂದ ನೋಡಿದರೆ ಬಾನಿಯನ್ನು ಬೋರಲು ಹಾಕಿದಂತಿದ್ದ ಮೈಯೇನು! ಪ್ರತಿಸಲವೂ ಗೆಲ್ಲುತ್ತಿದ್ದುದು ಅವರೂರಿನ ಜವರಯ್ಯನ ಟಗರು. ಈ ಸಲ ಅವನ ಮೀಸೆ ಇಳಿಸಲೇಬೇಕೆಂದು ಸಿದ್ದೇಶ ಇದನ್ನು ಮಗನಿಗಿಂತ ಮುದ್ದಾಗಿ ಸಾಕಿದ್ದ. ಹಿತ್ತಲಲ್ಲಿ ಸೋಪು ಹಚ್ಚಿ ಉಜ್ಜಿದ. ಕೊನೆಯ ನೀರಿಗೆ ನೀಲಿ ಬೇಕಿತ್ತು. ಸಿದ್ದೇಶನ ಮನೆಯಲ್ಲಿ ಪಂಚೆಗೂ ಟಗರಿಗೂ ಒಂದೇ ಮರ್ಯಾದೆ. ಎರಡೂ ನೀಲಿನೀರಿನಲ್ಲಿ ಅದ್ದದೆ ನಾಲ್ಕು ಜನರ ಮುಂದೆ ಹೋಗುವುದಿಲ್ಲ.

"ಅಕ್ಕಾ, ವಸಿ ನೀಲಿ ಕೊಡಕ್ಕ."

ಬೆಟ್ಟಯ್ಯ ಆಗ ಮುಂದಿನ ಜಗಲಿಯಲ್ಲಿ ಕುಳಿತು, ಶಾಲು ಹೊದ್ದ ಮೇಲೆ ಮಾಡಬೇಕಾದ ಭಾಷಣವನ್ನು ಮನಸ್ಸಿನಲ್ಲೇ ಮಸೆಯುತ್ತಿದ್ದ. ಹಿತ್ತಲಿನಿಂದ ಸಿದ್ದೇಶನ ಕೂಗು ಕೇಳಿ ಎದ್ದುಹೋದ. ಅಲ್ಲಿ ನಿಂತಿದ್ದ ಟಗರು ಬದನೆಹೂವಿನ ಬಣ್ಣಕ್ಕೆ ತಿರುಗಿತ್ತು. ಕಿವಿಯ ತುದಿ ಮಾತ್ರ ಬದನೆಕಾಯಿಯ ಬಣ್ಣಕ್ಕಿತ್ತು.

ಸೀಗೆಪುಡಿ ಆಯಿತು, ಹುಣಸೆಹಣ್ಣು ಆಯಿತು, ಮಜ್ಜಿಗೆ ಆಯಿತು. ಉಜ್ಜಿದಷ್ಟೂ ಟಗರಿಗೆ ಕಳೆ ಏರಿತೇ ಹೊರತು ಬಣ್ಣ ಇಳಿಯಲಿಲ್ಲ.

"ಎಷ್ಟ್ ಸುರಿದ್ಬುಟ್ಟೆ ಅಕ್ಕ?" ಎಂದ ಸಿದ್ದೇಶ.

"ಯಾವಾಗ್ಲೂ ಹಾಕೋವಷ್ಟೇ ಕಣ್ಲಾ. ನೀಲಿ ಜಾಸ್ತಿಯಾದ್ರೆ ನೀಲಿ ಆಗ್ಬೇಕು, ಬದ್ನೇಕಾಯಿ ಆಯ್ತದಾ?"

"ನಿನ್ ಕೈಲಿ ನೀಲಿ ಕೇಳ್ದೆ ನೋಡು, ನಂದು ತಪ್ಪು."

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡದಾದರು. ಸತ್ಯ ಬೆಟ್ಟಯ್ಯನ ನಾಲಗೆಯ ತುದಿಗೆ ಬಂತು. ಜೊತೆಗೇ ಶಾಲೂ ಕಣ್ಣಮುಂದೆ ಬಂತು. ಅವನು ನಾಲಗೆಯನ್ನು ಒಳಗೆಳೆದುಕೊಂಡು, ಬೋರ್‌ವೆಲ್ ನೀರಿನಲ್ಲಿ ಈಚೆಗೆ ಏನೇನೋ ಖನಿಜಗಳು ಬರುತ್ತಿರುವುದಾಗಿ ಗಂಭೀರವಾಗಿ ನುಡಿದ. ಕಾಮಾಕ್ಷಮ್ಮ ಅವನನ್ನೊಮ್ಮೆ ದಿಟ್ಟಿಸಿ ನೋಡಿದಳು.

ಮೈದಾನದಲ್ಲಿ ಟಗರು ಕಾಲಿಟ್ಟೊಡನೆ ಉಳಿದ ಕುರಿಗಳು ಅನಾಥವಾದವು. ಜನವೆಲ್ಲ ಇತ್ತ ನುಗ್ಗಿ ಮೊಬೈಲು ಹಿಡಿದರು. ಪರೀಕ್ಷೆಗೆ ಬಂದಿದ್ದ ಪಶುವೈದ್ಯರು ಹಲ್ಲು ನೋಡಿದರು, ಬೆನ್ನು ತಟ್ಟಿದರು, ಕಾಲಿನ ಗಿಡ್ಡತನಕ್ಕೆ ತಲೆದೂಗಿದರು. ಮೈಕಟ್ಟಿನಲ್ಲಿ ಇದಕ್ಕೆ ಸಾಟಿಯಿಲ್ಲ ಎಂದರು. ಆದರೆ ಈ ಬಣ್ಣ ಎಲ್ಲಿಂದ ಬಂತೆಂದು ತಿಳಿಯದೆ ಅಪ್ಪಟ ಬಂಡೂರು ತಳಿ ಎಂದು ಹೇಳುವುದು ಹೇಗೆ? ತೀರ್ಪನ್ನು ತಡೆಹಿಡಿದು, ಟಗರನ್ನು ವೇದಿಕೆಯ ಕಂಬಕ್ಕೆ ಕಟ್ಟಿಸಿದರು.

ಜವರಯ್ಯನಿಗೆ ಇಷ್ಟೇ ಸಾಕಾಗಿತ್ತು. "ಇದ್ರವ್ವ ಮೇಯಕ್ಕೆ ಅಂತ ಯಾವೂರ್ಗೋಗಿತ್ಲಾ ಸಿದ್ದೇಶ?" ಎಂದು ನಾಲ್ಕು ಜನರ ಮಧ್ಯೆ ಕೇಳಿದ.

ಟಗರಿಗೆ ಏನೂ ಅನ್ನಿಸಲಿಲ್ಲ. ಸಿದ್ದೇಶನ ಕಣ್ಣಲ್ಲಿ ನೀರಾಡಿತು. ಮನೆಯಲ್ಲಿ ಕಣ್ಣಮುಂದೆ ಬೆಳೆದ ಕುರಿಯ ಶೀಲದ ಮಾತು. ಕಾಮಾಕ್ಷಮ್ಮ ಸೆರಗನ್ನು ಬಾಯಿಗೆ ಹಿಡಿದು ತಮ್ಮನ ಹಿಂದೆ ನಿಂತಳು.

ಅಷ್ಟರಲ್ಲಿ ಮೈಕು ಬೆಟ್ಟಯ್ಯನ ಹೆಸರು ಕೂಗಿತು. ಪರಿಸರ ಸಂರಕ್ಷಕ, ಕೆರೆಕಟ್ಟೆಗಳ ಬಂಧು, ಮಳವಳ್ಳಿಯ ಹೆಮ್ಮೆ ಇತ್ಯಾದಿ. ಅವನು ಕವರು ಹೊತ್ತು ಮೆಟ್ಟಿಲೇರಿದ. ವೈದ್ಯರೇ ಶಾಲು ಹೊದಿಸಿದರು. ಚಪ್ಪಾಳೆ ಬಿತ್ತು. ಪಾಷಾ ಹೆಮ್ಮೆಯಿಂದ ಕವರಿಗೆ ಕೈಹಾಕಿ ಒಂದು ಕಾರ್ಟ್ರಿಜ್ಜನ್ನು ಮೇಲೆತ್ತಿ ಜನಕ್ಕೆ ತೋರಿಸಿದ. ಅದಕ್ಕೆ ಮುಚ್ಚಳವಿರಲಿಲ್ಲ. ಇನ್ನೊಂದು ತೆಗೆದ. ಅದಕ್ಕೂ ಇರಲಿಲ್ಲ. ಒಳಗಿನ ಸ್ಪಂಜು ಬೇಸಿಗೆಯ ಕೆರೆಯಂತೆ ಒಣಗಿ ಬಿರುಕುಬಿಟ್ಟಿತ್ತು.

"ಬಿಚ್ಚಬೇಡಿ ಅಂದಿದ್ನಲ್ಲ ಬೆಟ್ಟಣ್ಣ," ಎಂದ ಪಾಷಾ ಮೆಲ್ಲಗೆ. ಮೆಲ್ಲಗೆಂದರೂ ಮೈಕಿನ ಮುಂದೆಯೇ ಅಂದಿದ್ದ. "ಒಳಗಿದ್ದ ಇಂಕು ಎಲ್ಲೋಯ್ತು?"

ವೈದ್ಯರ ಹುಬ್ಬು ಗಂಟಿಕ್ಕಿತು. "ಚರಂಡಿಗೆ ಸುರಿದ್ರಾ? ಅದು ಸೀದಾ ಕೆರೆಗೆ ಹೋಗುತ್ತಲ್ರೀ."

ಬೆಟ್ಟಯ್ಯ ಕೆಳಗೆ ನೋಡಿದ. ಸಿದ್ದೇಶ ನಿಂತಿದ್ದ, ಜವರಯ್ಯ ಹಲ್ಲುಕಿರಿಯುತ್ತಿದ್ದ, ಕಾಮಾಕ್ಷಮ್ಮ ನೆಟ್ಟ ನೋಟದಲ್ಲಿ ತನ್ನನ್ನೇ ನೋಡುತ್ತಿದ್ದಳು. ಹೂಂ ಎಂದು ತಲೆಯಾಡಿಸಿಬಿಟ್ಟರೆ ಬಚ್ಚಲಿನ ಗುಟ್ಟು ಬಚ್ಚಲಿನಲ್ಲೇ ಉಳಿಯುತ್ತಿತ್ತು. ಅದಕ್ಕಾಗಿ ಕೆರೆ ಕೆಡಿಸಿದವನೆಂಬ ಅಪವಾದ ಹೊರಬೇಕಿತ್ತು. ಅದನ್ನಾದರೂ ಹೊರಬಹುದು. ಆದರೆ ಇಷ್ಟು ಇಂಕನ್ನು, ತೊಟ್ಟು ತೊಟ್ಟಾಗಿ ಹಿಂಡಿದ ಇಂಕನ್ನು, ಬೆಟ್ಟಯ್ಯ ಸುಮ್ಮನೆ ಚೆಲ್ಲಿದನೆಂದು ತಾಲೂಕಿನ ಜನ ಆಡಿಕೊಂಡರೆ? ಪೇಸ್ಟಿನ ಟ್ಯೂಬುಗಳು ನಗುವುದಿಲ್ಲವೇ?

ಅವನು ಶಾಲನ್ನು ಹೆಗಲಿನಿಂದ ತೆಗೆದು ನೀಟಾಗಿ ಮಡಿಸಿ ಮೇಜಿನ ಮೇಲಿಟ್ಟ. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ.

"ಚರಂಡಿಗೆ ಒಂದ್ ತೊಟ್ಟೂ ಬುಟ್ಟಿಲ್ಲ ಸಾ," ಎಂದ. "ಎಲ್ಲಾ ಆ ಟಗರಿನ ಮ್ಯಾಲದೆ."